ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಕಂಪ್ಯೂಟರನ್ನು ಹೊಸ ಡಿಸ್ಕ್‌ಗೆ ಸಾಗಿಸುವುದು ಹೇಗೆ?

ಗಂಗಾವತಿಯಲ್ಲಿ ನಮ್ಮ ಸೋದರಮಾವನದು ಒಂದು ಅಕ್ಕಿ ಮಿಲ್ಲು. ಅದರ ಆಫೀಸಿಗೆ ಇರುವುದು ಒಂದೇ ಲ್ಯಾಪ್‌ಟಾಪ್. ಹಗಲು ಅದರಲ್ಲಿ ವಿಂಡೋಸ್ ನಡೆಯುತ್ತದೆ. ಟ್ಯಾಲಿಯಲ್ಲಿ ಲೆಕ್ಕ, ನುಡಿಯಲ್ಲಿ ಪತ್ರ. ಸಂಜೆ ಅದು ಮನೆಗೆ ಬರುತ್ತದೆ. ಬಿಸಿಎ ಓದುತ್ತಿರುವ ಅವರ ಮಗಳು ಅದೇ ಲ್ಯಾಪ್‌ಟಾಪಿನಲ್ಲಿ ಉಬುಂಟು (ಲಿನಕ್ಸ್‌ನ ಒಂದು ಬಗೆ) ತೆರೆದು ಪೈಥಾನ್ ಕಲಿಯುತ್ತಾಳೆ. ಹೋದ ಬೇಸಿಗೆಯಲ್ಲಿ ಅದರ 500 ಜಿಬಿ ಹಾರ್ಡ್ ಡಿಸ್ಕ್ ಎಷ್ಟು ನಿಧಾನ ಆಯ್ತು ಎಂದರೆ, ಬಟನ್ ಒತ್ತಿ ಚಹಾ ಕುಡಿದು ಬಂದರೂ ವಿಂಡೋಸ್ ಎದ್ದಿರುತ್ತಿರಲಿಲ್ಲ. ರಿಪೇರಿ ಅಂಗಡಿಯಲ್ಲಿ ಕೇಳಿದರೆ, "ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಕೊಡ್ತೀವಿ, ಆ ಇನ್ನೊಂದು ಹೋಗುತ್ತೆ" ಎಂದರು. ಎರಡು ವರ್ಷದ ಓದು ಆ "ಇನ್ನೊಂದರಲ್ಲಿ" ಇತ್ತು.

ಅದು ಹೋಗಬೇಕಾಗಿಲ್ಲ. ಎರಡೂ ಓಎಸ್‌ಗಳನ್ನು (ಆಪರೇಟಿಂಗ್ ಸಿಸ್ಟಮ್‌ಗಳನ್ನು), ಅವುಗಳ ಸೆಟ್ಟಿಂಗ್, ಸಾಫ್ಟ್‌ವೇರ್, ಫೈಲು ಸಮೇತ ಹೊಸ ಡಿಸ್ಕ್‌ಗೆ ಇದ್ದ ಹಾಗೇ ತರಬಹುದು. ಮನೆಯಲ್ಲೇ ಮಾಡಬಹುದು. ನಾನು ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಶುರುವಿನಿಂದ ಕೊನೆತನಕ ಒಂದು ಮಾತು ನೆನಪಿಟ್ಟುಕೊಳ್ಳಿ: ಹಳೆಯ ಡಿಸ್ಕ್ ಹಾಗೇ ಇರುವವರೆಗೆ ಯಾವ ತಪ್ಪನ್ನಾದರೂ ಸರಿ ಮಾಡಬಹುದು. ಹಾಗಾಗಿ ಹೆಚ್ಚಿಸುವುದು, ಕುಗ್ಗಿಸುವುದು, ಸರಿಸುವುದು, ಎಲ್ಲವೂ ಹೊಸ ಡಿಸ್ಕ್ ಮೇಲೆ ಮಾತ್ರ. ಹಳೆಯದಕ್ಕೆ ಕೈ ಹಚ್ಚುವುದಿಲ್ಲ.

(ಕಮಾಂಡ್ ಮತ್ತು ಮೆನು ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅವು ಇಂಗ್ಲಿಷ್‌ನಲ್ಲಿ ಇರುತ್ತವೆ. ಟೈಪ್ ಮಾಡುವಾಗ, ಬೇರೆ ಹೇಳದಿದ್ದರೆ, ಸಣ್ಣಕ್ಷರ ಬಳಸಿ.)

ಸುಮ್ನೆ ಕಾಪಿ-ಪೇಸ್ಟ್ ಮಾಡಿದರೆ ಯಾಕೆ ಆಗಲ್ಲ

ಸಿ ಡ್ರೈವ್ ಒಂದು, ಲಿನಕ್ಸ್ ಒಂದು, ಎರಡನ್ನೂ ಕಾಪಿ ಮಾಡಿದರೆ ಆಯ್ತಲ್ಲ ಅನ್ನಿಸುತ್ತದೆ. ಆದರೆ ಡಿಸ್ಕ್ ಒಳಗೆ ಕಣ್ಣಿಗೆ ಬೀಳದ ಭಾಗಗಳೂ ಇವೆ. ಮಿಲ್ಲಿನ ಲ್ಯಾಪ್‌ಟಾಪಿನಲ್ಲಿ ಹೀಗಿತ್ತು. ಮೊದಲಿಗೆ 100 ಎಂಬಿಯ ಇಎಫ್ಐ ಪಾರ್ಟಿಷನ್ (ಪಾರ್ಟಿಷನ್ ಎಂದರೆ ಡಿಸ್ಕ್‌ನ ಒಂದು ಪಾಲು). ಫ್ಯಾಟ್32 ಮಾದರಿಯದು. ಅದರಲ್ಲಿ ವಿಂಡೋಸ್ ಮತ್ತು ಉಬುಂಟು ಎರಡರ ಬೂಟ್ ಫೈಲುಗಳೂ (ಓಎಸ್ ಅನ್ನು ಎಬ್ಬಿಸುವ ಫೈಲುಗಳು) ಅಕ್ಕಪಕ್ಕದ ಫೋಲ್ಡರ್‌ಗಳಲ್ಲಿ ಕೂತಿರುತ್ತವೆ. ಆಮೇಲೆ 16 ಎಂಬಿಯ ಮೈಕ್ರೋಸಾಫ್ಟ್ ರಿಸರ್ವ್ಡ್ ಪಾರ್ಟಿಷನ್. ಆಮೇಲೆ ಸಿ ಡ್ರೈವ್, ಅದರ ಬೆನ್ನಿಗೆ ಚಿಕ್ಕ ರಿಕವರಿ ಪಾರ್ಟಿಷನ್, ಕೊನೆಗೆ ಉಬುಂಟುವಿನ ಎಕ್ಸ್‌ಟ್4 ಪಾರ್ಟಿಷನ್. ಫ್ಯಾಟ್32, ಎಕ್ಸ್‌ಟ್4 ಎಂಬುವು ಫೈಲು ಜೋಡಿಸಿಡುವ ರೀತಿಗಳು, ಅಂದರೆ ಫೈಲ್ ಸಿಸ್ಟಮ್‌ಗಳು.

ಲ್ಯಾಪ್‌ಟಾಪ್ ಆನ್ ಆದಾಗ ಮದರ್‌ಬೋರ್ಡ್ ತನ್ನ ನೆನಪಿನಲ್ಲಿರುವ ಪಟ್ಟಿ ನೋಡುತ್ತದೆ. "ಇಂಥ ಗುರುತಿನ ಪಾರ್ಟಿಷನ್‌ನಲ್ಲಿ, ಇಂಥ ಫೈಲು" ಎಂದು ಅಲ್ಲಿ ಬರೆದಿರುತ್ತದೆ. ಆ ಫೈಲು ಗ್ರಬ್ ಅನ್ನು ಎಬ್ಬಿಸುತ್ತದೆ. ಗ್ರಬ್, ಉಬುಂಟು ಬೇಕೋ ವಿಂಡೋಸ್ ಬೇಕೋ ಎಂದು ಕೇಳುತ್ತದೆ. ಉಬುಂಟು ಏಳುವಾಗ ತನ್ನ ಪಾರ್ಟಿಷನ್ನನ್ನು ಯುಯುಐಡಿ ಎಂಬ ಉದ್ದನೆಯ ಗುರುತಿನಿಂದ ಹುಡುಕುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಫೈಲುಗಳೆಲ್ಲ ಇದ್ದೂ ಕಂಪ್ಯೂಟರ್ ಏಳುವುದಿಲ್ಲ. ಇಡೀ ಡಿಸ್ಕನ್ನು ಕ್ಲೋನ್ ಮಾಡಿದರೆ, ಅಂದರೆ ತದ್ರೂಪು ನಕಲು ತೆಗೆದರೆ, ಗುರುತುಗಳ ಸಮೇತ ಬರುತ್ತದೆ. ಅದಕ್ಕೇ ಕ್ಲೋನ್.

ಹಳೇ ಕಾಲದ ಯಂತ್ರಗಳಲ್ಲಿ ಇಎಫ್ಐ ಬದಲು ಎಂಬಿಆರ್ ಎಂಬ ಹಳೆಯ ವ್ಯವಸ್ಥೆ ಇರುತ್ತದೆ. ಡಿಸ್ಕ್‌ನ ಮೊದಲ ಸೆಕ್ಟರಿನ 446 ಬೈಟ್‌ಗಳಲ್ಲಿ ಗ್ರಬ್‌ನ ಮೊದಲ ತುಣುಕು ಕೂತಿರುತ್ತದೆ. ನಿಮ್ಮದು ಯಾವುದು ಎಂದು ನೋಡಲು ವಿಂಡೋಸ್‌ನಲ್ಲಿ "ಸಿಸ್ಟಮ್ ಇನ್ಫರ್ಮೇಶನ್" ತೆರೆಯಿರಿ. "ಬಯೋಸ್ ಮೋಡ್" ಎಂಬಲ್ಲಿ ಯುಇಎಫ್ಐ (ಹೊಸ ಬಗೆ) ಅಥವಾ ಲೆಗಸಿ (ಹಳೆಯ ಬಗೆ) ಎಂದು ಇರುತ್ತದೆ. ಬರೆದಿಟ್ಟುಕೊಳ್ಳಿ. ಎಂಬಿಆರ್ ಡಿಸ್ಕ್‌ನ ಮಿತಿ ಸುಮಾರು 2 ಟಿಬಿ. ಲೆಗಸಿ ಯಂತ್ರಕ್ಕೆ 4 ಟಿಬಿ ಡಿಸ್ಕ್ ತಂದರೆ ಅರ್ಧ ಜಾಗ ಸುಮ್ನೆ ಬಿದ್ದಿರುತ್ತದೆ.

ಯಾವ ಡಿಸ್ಕ್ ತರಬೇಕು

ಇಲ್ಲೇ ತುಂಬಾ ಜನ ಎಡವುತ್ತಾರೆ. 500 ಜಿಬಿ ಹಾರ್ಡ್ ಡಿಸ್ಕ್ ಇದೆ, 480 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಸಿಕ್ಕಿತು, ಒಳಗೆ ತುಂಬಿರುವುದು 190 ಜಿಬಿ ಮಾತ್ರ, ಸಾಲುತ್ತೆ ಅಲ್ವಾ ಎಂದು ತರುತ್ತಾರೆ. ಫೈಲುಗಳಿಗೆ ಸಾಲುತ್ತದೆ. ಆದರೆ ಪಾರ್ಟಿಷನ್ ಪಟ್ಟಿ 500 ಜಿಬಿಯ ಅಂಚಿನವರೆಗೂ ಹೋಗಿರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ 500 ಜಿಬಿ ಎಂದರೆ 465, 480 ಎಂದರೆ 447. ಹಾಗಾಗಿ ಗುರಿ ಡಿಸ್ಕ್ ಚಿಕ್ಕದು ಎಂದು ಕ್ಲೋನ್ ಸಾಫ್ಟ್‌ವೇರ್ ನಿಂತುಬಿಡುತ್ತದೆ. ಆಗ ಹಳೆಯ ಡಿಸ್ಕ್‌ನ ಪಾರ್ಟಿಷನ್‌ಗಳನ್ನು ಕುಗ್ಗಿಸಬೇಕು. ಯಾವುದಕ್ಕೆ ಕೈ ಹಚ್ಚಬಾರದು ಎಂದೆನೋ ಅದಕ್ಕೇ ಕೈ ಹಚ್ಚಿದಂತಾಯಿತು. 512 ಜಿಬಿಯದು ತನ್ನಿ, ಈ ತಲೆನೋವೇ ಇರುವುದಿಲ್ಲ. ನಾವು 1 ಟಿಬಿ ತಂದೆವು. ವಿಂಡೋಸ್ ಅದನ್ನು 931 ಜಿಬಿ ಎಂದು ತೋರಿಸಿದರೆ ಗಾಬರಿ ಬೇಡ. ತಯಾರಕರು 1000ದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.

ಆಕಾರವನ್ನೂ ನೋಡಿಕೊಳ್ಳಿ. ಲ್ಯಾಪ್‌ಟಾಪಿನ ಹಳೆ ಹಾರ್ಡ್ ಡಿಸ್ಕ್ ಜಾಗಕ್ಕೆ 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕ್‌ನ ಸಾಮಾನ್ಯ ಕನೆಕ್ಟರ್) ಎಸ್‌ಎಸ್‌ಡಿ ನೇರವಾಗಿ ಕೂರುತ್ತದೆ. ಹಳೆಯದು 9.5 ಮಿಮೀ ದಪ್ಪ ಇದ್ದು ಹೊಸದು 7 ಮಿಮೀ ಇದ್ದರೆ ಒಂದು ಪ್ಲಾಸ್ಟಿಕ್ ಚೌಕಟ್ಟು ಬೇಕಾಗಬಹುದು. ಎಂ.2 ಸ್ಲಾಟ್ (ಪಟ್ಟಿಯಂಥ ಚಿಕ್ಕ ಎಸ್‌ಎಸ್‌ಡಿ ಕೂರುವ ಜಾಗ) ಇದ್ದರೆ ಅದು ಸಾಟಾ ಮಾದರಿಯದೋ ಅದಕ್ಕಿಂತ ವೇಗದ ಎನ್‌ವಿಎಂಇ ಮಾದರಿಯದೋ ಎಂದು ತಿಳಿದು ತನ್ನಿ. ನೋಡಲು ಎರಡೂ ಒಂದೇ ಥರ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡದೇ ಇರಬಹುದು. ಎಂ.2 ಡಿಸ್ಕ್‌ನ ಅಳತೆ 2280 ಎಂದರೆ 22 ಮಿಮೀ ಅಗಲ, 80 ಮಿಮೀ ಉದ್ದ.

ಇವುಗಳ ಜೊತೆ ಬೇಕಾದದ್ದು: ಒಂದು ಯುಎಸ್‌ಬಿ 3 ಸಾಟಾ ಅಡಾಪ್ಟರ್, 16 ಜಿಬಿ ಪೆನ್‌ಡ್ರೈವ್, ಸಣ್ಣ ಸ್ಕ್ರೂಡ್ರೈವರ್, ಕಾಗದದ ಟೇಪು, ಪೆನ್ನು. ಟೇಪು ಯಾಕೆ ಎಂದು ಮುಂದೆ ಹೇಳುತ್ತೇನೆ. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕ್ ಆದರೆ ಅಡಾಪ್ಟರ್‌ಗೆ ಬೇರೆ 12 ವೋಲ್ಟ್ ಪವರ್ ಬೇಕು. ಬರೀ ಯುಎಸ್‌ಬಿಯಿಂದ ಅದು ತಿರುಗುವುದಿಲ್ಲ.

ಹಳೆಯ ಡಿಸ್ಕ್‌ನ ಆರೋಗ್ಯ ಮೊದಲು

ಪೆನ್‌ಡ್ರೈವ್‌ಗೆ ವೆಂಟಾಯ್ ಹಾಕಿ. ಇದು ಒಳ್ಳೆಯ ಸಾಧನ. ಒಮ್ಮೆ ಹಾಕಿದರೆ ಆಮೇಲೆ ಐಎಸ್‌ಒ ಫೈಲುಗಳನ್ನು (ಬೂಟ್ ಆಗಬಲ್ಲ ಡಿಸ್ಕ್‌ನ ಪೂರ್ತಿ ಪ್ರತಿ ಇರುವ ಫೈಲುಗಳು) ಸುಮ್ನೆ ಕಾಪಿ ಮಾಡಿದರೆ ಸಾಕು. ಬೂಟ್ ಆಗುವಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ಎರಡು ಐಎಸ್‌ಒ ಹಾಕಿಕೊಳ್ಳಿ. ಒಂದು ಕ್ಲೋನ್‌ಜಿಲ್ಲಾ ಲೈವ್ (ಕ್ಲೋನ್ ಮಾಡುವ ಸಾಧನ), ಇನ್ನೊಂದು ಲಿನಕ್ಸ್ ಮಿಂಟ್ (ಲಿನಕ್ಸ್‌ನ ಇನ್ನೊಂದು ಬಗೆ). ಲೈವ್ ಎಂದರೆ ಡಿಸ್ಕ್‌ಗೆ ಹಾಕದೆ ಪೆನ್‌ಡ್ರೈವ್‌ನಿಂದಲೇ ನಡೆಯುವುದು. ಮಿಂಟ್ ಯಾಕೆಂದರೆ ಅದರ ಲೈವ್‌ನಲ್ಲಿ ಡಿಸ್ಕ್ಸ್ (ಡಿಸ್ಕ್ ವಿವರ ನೋಡಲು), ಜಿಪಾರ್ಟೆಡ್ (ಪಾರ್ಟಿಷನ್ ಅಳತೆ ಬದಲಿಸಲು), ಬೂಟ್ ರಿಪೇರ್ (ಬೂಟ್ ಸರಿಪಡಿಸಲು) ಮೂರೂ ಮೊದಲೇ ಇವೆ. ನಿಮ್ಮ ಡಿಸ್ಕ್‌ನಲ್ಲಿ ಉಬುಂಟು ಇದ್ದರೂ ರಿಪೇರಿಗೆ ಮಿಂಟ್ ಪೆನ್‌ಡ್ರೈವ್ ನಡೆಯುತ್ತದೆ.

ಮಿಂಟ್ ಲೈವ್‌ಗೆ ಹೋಗಿ "ಡಿಸ್ಕ್ಸ್" ತೆರೆದು ಹಳೆಯ ಡಿಸ್ಕ್‌ನ ಸ್ಮಾರ್ಟ್ ವಿವರ (ತನ್ನ ಆರೋಗ್ಯದ ಬಗ್ಗೆ ಡಿಸ್ಕ್ ತಾನೇ ಇಡುವ ದಾಖಲೆ) ನೋಡಿ. ಅಲ್ಲಿ ಉದ್ದ ಪಟ್ಟಿ ಬರುತ್ತದೆ. ಮೂರು ಸಾಲು ಸಾಕು: 5ನೆಯ ನಂಬರಿನ "ರಿಅಲೊಕೇಟೆಡ್ ಸೆಕ್ಟರ್", 197ರ "ಕರೆಂಟ್ ಪೆಂಡಿಂಗ್ ಸೆಕ್ಟರ್", 198ರ "ಅನ್‌ಕರೆಕ್ಟಬಲ್". ಮೂರೂ ಸೊನ್ನೆ ಇದ್ದರೆ ನಿರಾಳವಾಗಿ ಮುಂದೆ ಹೋಗಿ. ಮಾವನ ಡಿಸ್ಕ್‌ನಲ್ಲಿ ಮೂರೂ ಸೊನ್ನೆ ಇತ್ತು. ಅದು ಸವೆದು ನಿಧಾನ ಆಗಿತ್ತೇ ಹೊರತು ಕೆಟ್ಟಿರಲಿಲ್ಲ. 199ರಲ್ಲಿ ಸಂಖ್ಯೆ ಏರುತ್ತಿದ್ದರೆ ಅದು ಹೆಚ್ಚಾಗಿ ಕೇಬಲ್ ದೋಷ.

197ರಲ್ಲಿ ಸಂಖ್ಯೆ ಕಂಡರೆ, ಅಥವಾ ಡಿಸ್ಕ್ ಕಟಕಟ ಎಂದರೆ, ಬೇರೆ ದಾರಿ ಹಿಡಿಯಬೇಕು. ಆಗ ಚೆಕ್‌ಡಿಸ್ಕ್ (ವಿಂಡೋಸ್‌ನ ಡಿಸ್ಕ್ ತಪಾಸಣೆ ಕಮಾಂಡ್) ಓಡಿಸಬೇಡಿ. ಸಾಯುತ್ತಿರುವ ಡಿಸ್ಕ್ ಅನ್ನು ಮೂಲೆಮೂಲೆ ಓದಿಸಿದರೆ ಅದು ಅಲ್ಲೇ ನಿಲ್ಲಬಹುದು. ಮೊದಲು ಮುಖ್ಯವಾದ ಫೈಲುಗಳನ್ನು ಎತ್ತಿಕೊಳ್ಳಿ. ಆಮೇಲೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಸಾಧನ ಬಳಸಿ. ಅದು ಸುಲಭವಾಗಿ ಓದಲು ಬರುವ ಭಾಗವನ್ನು ಮೊದಲು ತೆಗೆದು, ಕೆಟ್ಟ ಜಾಗಗಳಿಗೆ ಕೊನೆಗೆ ಬರುತ್ತದೆ. ಎಲ್ಲಿಯವರೆಗೆ ಆಯ್ತು ಎಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಮ್ಯಾಪ್ ಫೈಲನ್ನು ಈ ಎರಡೂ ಡಿಸ್ಕ್ ಬಿಟ್ಟು ಮೂರನೆಯ ಕಡೆ ಇಡಿ.

ಕ್ಲೋನ್‌ಗೆ ಮುಂಚೆ ವಿಂಡೋಸ್‌ನಲ್ಲಿ ಮಾಡುವ ಕೆಲಸ

ಮೊದಲಿಗೆ ಬ್ಯಾಕಪ್. ಕ್ಲೋನ್ ಮಾಡುತ್ತೇವಲ್ಲ, ಅದೇ ಬ್ಯಾಕಪ್ ಎಂದುಕೊಳ್ಳಬೇಡಿ. ತಪ್ಪು ಡಿಸ್ಕ್ ಆರಿಸಿದರೆ ಎರಡೂ ಖಾಲಿ. ಟ್ಯಾಲಿಯ ಡೇಟಾ ಫೋಲ್ಡರ್, ಫೋಟೋಗಳು, ನುಡಿಯಲ್ಲಿ ಟೈಪ್ ಮಾಡಿದ ಪತ್ರಗಳು, ಲಿನಕ್ಸ್‌ನ ಹೋಮ್ ಫೋಲ್ಡರ್, ಇಷ್ಟನ್ನು ಬೇರೆ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿ. ಹಾಕಿ, ಅದನ್ನು ಬಿಚ್ಚಿ ಬೀರುವಿನಲ್ಲಿಡಿ. ಟ್ಯಾಲಿ ಲೈಸೆನ್ಸ್ ಯಂತ್ರದ ಹಾರ್ಡ್‌ವೇರ್‌ಗೆ ಕಟ್ಟಿಕೊಂಡಿರುತ್ತದೆ. ಮತ್ತೆ ಆಕ್ಟಿವೇಟ್ ಮಾಡಬೇಕಾಗಿ ಬರಬಹುದು. ಸೀರಿಯಲ್ ನಂಬರ್, ರಿಜಿಸ್ಟರ್ ಮಾಡಿದ ಇಮೇಲ್, ಅದರ ಪಾಸ್‌ವರ್ಡ್ ಕೈಯಲ್ಲಿರಲಿ. ಆ ಇಮೇಲ್ ಎಷ್ಟೋ ಕಡೆ ಹಳೆ ಗುಮಾಸ್ತರದ್ದಾಗಿರುತ್ತದೆ! ಮೊದಲೇ ವಿಚಾರಿಸಿಕೊಳ್ಳಿ.

ಎರಡನೆಯದು ಬಿಟ್‌ಲಾಕರ್, ಅಂದರೆ ಡ್ರೈವನ್ನು ಗೂಢಲಿಪಿ ಮಾಡಿಡುವ ವಿಂಡೋಸ್‌ನ ಬೀಗ. ಹೋಮ್ ಆವೃತ್ತಿಯಲ್ಲಿ ಇದರ ಹೆಸರು "ಡಿವೈಸ್ ಎನ್‌ಕ್ರಿಪ್ಶನ್". ನೀವು ಹಾಕಿರದಿದ್ದರೂ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ತಾನಾಗೇ ಆನ್ ಆಗಿರಬಹುದು. ಅದಿದ್ದರೆ ಕ್ಲೋನ್‌ಜಿಲ್ಲಾಗೆ ಒಳಗಿನ ಫೈಲ್ ಸಿಸ್ಟಮ್ ಕಾಣುವುದಿಲ್ಲ. ಬಯೋಸ್ (ಮದರ್‌ಬೋರ್ಡ್‌ನ ಒಳ ಸಾಫ್ಟ್‌ವೇರ್) ಸೆಟ್ಟಿಂಗ್ ಬದಲಿಸಿದ ಕೂಡಲೇ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಬಿಟ್‌ಲಾಕರ್ ಆಫ್ ಮಾಡಿ. ಪೂರ್ತಿ ಡಿಕ್ರಿಪ್ಟ್ ಆಗಲು ಗಂಟೆಗಟ್ಟಲೆ ಹಿಡಿಯಬಹುದು. ಕಾಯಿರಿ. ಹೊಸ ಡಿಸ್ಕ್‌ನಲ್ಲಿ ಎಲ್ಲ ಸರಿಯಾದ ಮೇಲೆ ಮತ್ತೆ ಆನ್ ಮಾಡಬಹುದು.

ಮೂರನೆಯದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ವಿಂಡೋಸ್ ಶಟ್‌ಡೌನ್ ಆದಂತೆ ಕಾಣುತ್ತದೆ, ನಿಜವಾಗಿ ಅರೆನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯ ಪಾರ್ಟಿಷನ್ನನ್ನು ಕ್ಲೋನ್ ಮಾಡಲು ಸಾಫ್ಟ್‌ವೇರ್ ಒಪ್ಪುವುದಿಲ್ಲ, ಅಥವಾ ಹೊಸ ಡಿಸ್ಕ್‌ನಲ್ಲಿ ಗೊಂದಲ ಆಗುತ್ತದೆ. ಕಂಟ್ರೋಲ್ ಪ್ಯಾನಲ್, ಪವರ್ ಆಪ್ಷನ್ಸ್, "ಚೂಸ್ ವಾಟ್ ದ ಪವರ್ ಬಟನ್ಸ್ ಡು", ಅಲ್ಲಿ ಟಿಕ್ ತೆಗೆಯಿರಿ. ಎರಡು ಓಎಸ್ ಇರುವ ಯಂತ್ರದಲ್ಲಿ ಇದು ಯಾವಾಗಲೂ ಆಫ್ ಇರುವುದೇ ಒಳ್ಳೆಯದು.

ಸ್ಮಾರ್ಟ್ ವಿವರ ಚೆನ್ನಾಗಿದ್ದರೆ ಒಮ್ಮೆ ಸಿ ಡ್ರೈವ್‌ಗೆ ಎಫ್ ಆಯ್ಕೆಯ ಜೊತೆ ಚೆಕ್‌ಡಿಸ್ಕ್ ಮಾಡಿಸಿ, ರೀಸ್ಟಾರ್ಟ್ ಮಾಡಿ, ಆಮೇಲೆ ಪೂರ್ತಿ ಶಟ್‌ಡೌನ್ ಮಾಡಿ.

ಸಾಟಾ ಡಿಸ್ಕ್‌ನಿಂದ ಎನ್‌ವಿಎಂಇಗೆ ಹೋಗುವವರಿಗೆ ಇನ್ನೊಂದು ಕೆಲಸ ಇದೆ. ಹೊಸ ಬಗೆಯ ಡಿಸ್ಕ್‌ನಿಂದ ಏಳಲು ಬೇಕಾದ ಡ್ರೈವರ್ ವಿಂಡೋಸ್‌ನಲ್ಲಿ ತಯಾರಿಲ್ಲದೆ ನೀಲಿ ಪರದೆ ಬರಬಹುದು. "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂದು ತೋರಿಸುತ್ತದೆ. ಕ್ಲೋನ್‌ಗೆ ಮುಂಚೆ ವಿಂಡೋಸ್‌ನ ಎಂಎಸ್‌ಕಾನ್ಫಿಗ್‌ನಲ್ಲಿ (ಸಿಸ್ಟಮ್ ಕಾನ್ಫಿಗರೇಶನ್) "ಸೇಫ್ ಬೂಟ್" ಆರಿಸಿಟ್ಟರೆ, ಹೊಸ ಡಿಸ್ಕ್‌ನಲ್ಲಿ ಮೊದಲ ಸಲ ಸೇಫ್ ಮೋಡ್‌ನಲ್ಲಿ ಎದ್ದು ಡ್ರೈವರ್ ಹಾಕಿಕೊಳ್ಳುತ್ತದೆ. ಆಮೇಲೆ ಆ ಟಿಕ್ ತೆಗೆಯಿರಿ. ಸೇಫ್ ಮೋಡ್‌ನಲ್ಲಿ ಪಿನ್ ನಡೆಯದೇ ಇರಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ. ಲಿನಕ್ಸ್ ಲೈವ್‌ನಲ್ಲಿ ಎನ್‌ವಿಎಂಇ ಕಾಣದೇ ಇದ್ದರೆ ಬಯೋಸ್‌ನಲ್ಲಿ ಸ್ಟೋರೇಜ್ ಮೋಡ್ ರೇಡ್ ಅಥವಾ ಆರ್‌ಎಸ್‌ಟಿ ಎಂದಿದೆಯೇ ನೋಡಿ. ಅದನ್ನು ಎಎಚ್‌ಸಿಐಗೆ ಬದಲಿಸಬೇಕು. ಅದಕ್ಕೂ ಇದೇ ಸೇಫ್ ಬೂಟ್ ಉಪಾಯ ನಡೆಯುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಡಿಸ್ಕ್ ಹಾಕುವಾಗಲೇ 11ಕ್ಕೂ ಹೋಗೋಣ ಎಂಬ ಆಸೆ ಸಹಜ. ಎರಡನ್ನೂ ಒಂದೇ ದಿನ ಮಾಡಬೇಡಿ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದೇ ಗೊತ್ತಾಗುವುದಿಲ್ಲ.

ಟೇಪು, ಸೀರಿಯಲ್ ನಂಬರು, ಕ್ಲೋನ್

ಈಗ ಟೇಪಿನ ಮಾತು. ಪ್ರತಿ ಡಿಸ್ಕ್‌ನ ಸ್ಟಿಕರ್ ಮೇಲೆ ಸೀರಿಯಲ್ ನಂಬರ್ ಇರುತ್ತದೆ. ಅದರ ಕೊನೆಯ ನಾಲ್ಕು ಅಕ್ಷರಗಳನ್ನು ಟೇಪಿನ ಮೇಲೆ ಬರೆಯಿರಿ. ಹಳೆಯದಕ್ಕೆ "ಮೂಲ", ಹೊಸದಕ್ಕೆ "ಗುರಿ" ಎಂದೂ ಬರೆಯಿರಿ. ಆಯಾ ಡಿಸ್ಕ್‌ಗೆ ಅಂಟಿಸಿ. ಹಳೆಯದು ಲ್ಯಾಪ್‌ಟಾಪಿನ ಒಳಗೇ ಇದ್ದರೆ ಮಿಂಟ್‌ನ "ಡಿಸ್ಕ್ಸ್" ತೆರೆದರೆ ಅದರ ಸೀರಿಯಲ್ ನಂಬರ್ ಕಾಣುತ್ತದೆ. ಆ ಟೇಪನ್ನು ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ಮಾತ್ರ ನಂಬಿ ಕೂರಬೇಡಿ. ಒಮ್ಮೆ ಬೂಟ್ ಆದಾಗ ಎಸ್‌ಡಿಎ ಆಗಿದ್ದ ಡಿಸ್ಕ್ ಇನ್ನೊಮ್ಮೆ ಎಸ್‌ಡಿಬಿ ಆಗಬಹುದು. ಪೆನ್‌ಡ್ರೈವ್ ನಡುವೆ ನುಗ್ಗಿ ಎಲ್ಲ ಒಂದು ಹೆಜ್ಜೆ ಸರಿಯಬಹುದು. ಸೀರಿಯಲ್ ನಂಬರ್ ಮಾತ್ರ ಬದಲಾಗುವುದಿಲ್ಲ.

ಇನ್ನು ಕರೆಂಟು. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಸಂಜೆ ಗಾಳಿ ಎದ್ದರೆ ಕರೆಂಟ್ ಹೋಗುತ್ತದೆ. ಡಿಸ್ಕ್‌ಗೂ ಬಿಸಿ ಒಳ್ಳೆಯದಲ್ಲ. ನಾನು ಬೆಳಿಗ್ಗೆ 6ಕ್ಕೆ ಕೂತೆ. ಲ್ಯಾಪ್‌ಟಾಪಿನ ಬ್ಯಾಟರಿ ಪೂರ್ತಿ ತುಂಬಿಸಿದ್ದೆ, ಚಾರ್ಜರ್ ಯುಪಿಎಸ್‌ಗೆ ಹಾಕಿದ್ದೆ. ಕ್ಲೋನ್ ನಡುವೆ ಕರೆಂಟ್ ಹೋದರೆ ಹಳೆಯ ಡಿಸ್ಕ್‌ಗೆ ಅಪಾಯ ಕಡಿಮೆ, ಏಕೆಂದರೆ ಅದರಿಂದ ಬರೀ ಓದುತ್ತಿರುತ್ತೇವೆ. ಮೊದಲಿನಿಂದ ಮತ್ತೆ ಮಾಡಿದರೆ ಆಯಿತು. ಮುಂದೆ ಪಾರ್ಟಿಷನ್ ಸರಿಸುವಾಗ ಹಾಗಲ್ಲ.

ಹೊಸ ಡಿಸ್ಕನ್ನು ಅಡಾಪ್ಟರ್ ಮೂಲಕ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್‌ಗೆ ಹಾಕಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಆಗದಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ. ಕ್ಲೋನ್‌ಜಿಲ್ಲಾ ಆರಿಸಿ. ನೀಲಿ, ಬೂದು ಬಣ್ಣದ ಹಳೇ ಮಾದರಿಯ ಪರದೆ ಬರುತ್ತದೆ. ಮೌಸ್ ಇಲ್ಲ, ಬಾಣದ ಕೀ ಮತ್ತು ಎಂಟರ್ ಮಾತ್ರ. ಆರಿಸಬೇಕಾದದ್ದು ಈ ಕ್ರಮದಲ್ಲಿ:

1. ಭಾಷೆ, ಕೀಬೋರ್ಡ್ ಇದ್ದದ್ದೇ ಇರಲಿ. "ಸ್ಟಾರ್ಟ್ ಕ್ಲೋನ್‌ಜಿಲ್ಲಾ" ಒತ್ತಿ.
2. "ಡಿವೈಸ್-ಡಿವೈಸ್". ಅಂದರೆ ಡಿಸ್ಕ್‌ನಿಂದ ನೇರ ಡಿಸ್ಕ್‌ಗೆ.
3. "ಬಿಗಿನರ್ ಮೋಡ್", ಆಮೇಲೆ "ಡಿಸ್ಕ್ ಟು ಲೋಕಲ್ ಡಿಸ್ಕ್".
4. ಮೂಲ ಡಿಸ್ಕ್. ಪಕ್ಕದಲ್ಲಿ ಮಾದರಿ, ಸೀರಿಯಲ್ ನಂಬರ್ ಕಾಣುತ್ತದೆ. ಟೇಪು ನೋಡಿ.
5. ಗುರಿ ಡಿಸ್ಕ್. ಮತ್ತೆ ಟೇಪು ನೋಡಿ.
6. ಫೈಲ್ ಸಿಸ್ಟಮ್ ತಪಾಸಣೆ ಬಿಡುವ ಆಯ್ಕೆ. ವಿಂಡೋಸ್ ಭಾಗವನ್ನು ಆಗಲೇ ನೋಡಿದ್ದೇವೆ.
7. ಪಾರ್ಟಿಷನ್ ಪಟ್ಟಿಯ ಆಯ್ಕೆಯಲ್ಲಿ "ಕೆ0". ಅಂದರೆ ಮೂಲದಲ್ಲಿದ್ದ ಅಳತೆಯೇ. "ಕೆ1" ಎಲ್ಲವನ್ನೂ ಅನುಪಾತದಲ್ಲಿ ಹಿಗ್ಗಿಸುತ್ತದೆ. ನನಗೆ ಅದು ಇಷ್ಟವಿಲ್ಲ. ಯಾವುದು ಎಷ್ಟು ಬೆಳೆಯಬೇಕು ಎಂದು ಆಮೇಲೆ ನಾವೇ ತೀರ್ಮಾನಿಸೋಣ.
8. ಮುಗಿದ ಮೇಲೆ ಏನು ಮಾಡಲಿ ಎಂದರೆ "ಪವರ್ ಆಫ್".

ಆಮೇಲೆ ಪರದೆಯಲ್ಲಿ ಗುರಿ ಡಿಸ್ಕ್‌ನ ಹೆಸರು, ಅದರಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಬರುತ್ತದೆ. ವೈ ಎಂದು ಒತ್ತಬೇಕು. ಇನ್ನೊಮ್ಮೆ ಕೇಳುತ್ತದೆ. ಈ ಎರಡನೆಯ ವೈ ಒತ್ತುವ ಮುಂಚೆ ಕೀಬೋರ್ಡ್‌ನಿಂದ ಕೈ ತೆಗೆಯಿರಿ. ನಾನು ತೆಗೆದೆ. ಪಕ್ಕದಲ್ಲಿ ಕೂತಿದ್ದ ಹುಡುಗಿಗೆ ಟೇಪಿನ ಮೇಲಿನ ನಾಲ್ಕು ಅಕ್ಷರ ಗಟ್ಟಿಯಾಗಿ ಓದಲು ಹೇಳಿದೆ. ಅವಳು ಓದಿದಳು, ನಾನು ಪರದೆ ನೋಡಿದೆ. ಹೊಂದಿತು. ಒತ್ತಿದೆ. ಇಬ್ಬರು ಕೂತು ಮಾಡಿದರೆ ಇದು ತುಂಬಾ ಸುಲಭ. ಒಬ್ಬರೇ ಇದ್ದರೂ ಬಾಯಿಬಿಟ್ಟು ಓದಿ. ಕಣ್ಣು ತಪ್ಪುತ್ತದೆ, ಕಿವಿ ಹಿಡಿಯುತ್ತದೆ.

ಕ್ಲೋನ್‌ಜಿಲ್ಲಾ ಖಾಲಿ ಜಾಗ ಬಿಟ್ಟು, ಬಳಸಿರುವ ಭಾಗವನ್ನಷ್ಟೇ ಕಾಪಿ ಮಾಡುತ್ತದೆ. ನಮ್ಮ 190 ಜಿಬಿಗೆ ಹತ್ತಿರ ಹತ್ತಿರ 50 ನಿಮಿಷ ಹಿಡಿಯಿತು. ಯುಎಸ್‌ಬಿ 2 ಪೋರ್ಟ್ ಆಗಿದ್ದರೆ ಅದರ ಎರಡು ಪಟ್ಟು ಅಂದುಕೊಳ್ಳಿ. ಲೆಗಸಿ ಯಂತ್ರಗಳಲ್ಲಿ ಬೂಟ್ ಲೋಡರನ್ನೂ ಕ್ಲೋನ್ ಮಾಡಲೇ ಎಂದು ಕೇಳುತ್ತದೆ. ಹೌದು ಎನ್ನಿ.

ಬಿಚ್ಚುವುದು, ಕೂರಿಸುವುದು

ಕ್ಲೋನ್ ಮುಗಿದ ಮೇಲೆ ಎರಡೂ ಡಿಸ್ಕ್ ಇರುವಾಗಲೇ ಬೂಟ್ ಮಾಡಬೇಡಿ. ಈಗ ಎರಡರ ಗುರುತುಗಳೂ ಒಂದೇ. ಅವಳಿಗಳ ಥರ. ಉಬುಂಟು ಯಾವುದನ್ನು ಹಿಡಿದು ಏಳುತ್ತದೆ ಎಂದು ಹೇಳಲಾಗದು. ವಿಂಡೋಸ್ ಎರಡರಲ್ಲೊಂದನ್ನು ಆಫ್‌ಲೈನ್ ಮಾಡಬಹುದು ಅಥವಾ ಗುರುತು ಬದಲಿಸಬಹುದು.

ಚಾರ್ಜರ್ ತೆಗೆಯಿರಿ. ಬ್ಯಾಟರಿ ಬಿಚ್ಚಲು ಬಂದರೆ ಬಿಚ್ಚಿ, ಒಳಗಿನದಾದರೆ ಹಿಂಬದಿ ತೆರೆದ ಮೇಲೆ ಅದರ ಕನೆಕ್ಟರ್ ತೆಗೆಯಿರಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕೈಯನ್ನು ಒಂದು ಲೋಹದ ವಸ್ತುವಿಗೆ ಮುಟ್ಟಿಸಿಕೊಳ್ಳಿ. ಒಣ ಹವೆಯಲ್ಲಿ ಮೈಯಲ್ಲಿ ಸ್ಟ್ಯಾಟಿಕ್ ಜಾಸ್ತಿ.

ಮಿಲ್ಲಿನ ಲ್ಯಾಪ್‌ಟಾಪಿನ ಹಿಂಬದಿ ತೆರೆದಾಗ ಒಳಗೆ ತೆಳುವಾಗಿ ತೌಡಿನ ಪುಡಿ ಕೂತಿತ್ತು. ಫ್ಯಾನಿನ ರೆಕ್ಕೆಗಳ ಮೇಲೆ, ಹೀಟ್‌ಸಿಂಕ್ ಸಂದಿಗಳಲ್ಲಿ ಕಂದು ಬಣ್ಣದ ಪದರ. ಬೆರಳಿಗೆ ಜಿಡ್ಡಾಗಿ ಅಂಟುತ್ತಿತ್ತು. ಒಂದು ಸಂದಿಯಲ್ಲಿ ಭತ್ತದ ಹೊಟ್ಟೂ ಸಿಕ್ಕಿತು. ಮಿಲ್ಲು, ಹತ್ತಿ ಜಿನ್ನಿಂಗ್, ಜೀನ್ಸ್ ಹೊಲಿಯುವ ಜಾಗ, ಎಲ್ಲೇ ಇಟ್ಟ ಯಂತ್ರವಾದರೂ ಇದೇ ಕಥೆ. ತೆರೆದಾಗಲೇ ಮೆತ್ತನೆಯ ಬ್ರಷ್‌ನಿಂದ ಒರೆಸಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಬ್ಲೋವರ್ ಬಳಸಿದರೆ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ.

ಹಳೆಯ ಡಿಸ್ಕ್ ತೆಗೆದು, ಅದರ ಲೋಹದ ಚೌಕಟ್ಟನ್ನು ಹೊಸದಕ್ಕೆ ಹಾಕಿ, ಕನೆಕ್ಟರ್‌ಗೆ ನೇರವಾಗಿ ತಳ್ಳಿ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲೆ ಇಟ್ಟುಕೊಂಡರೆ ಗೊಂದಲವಿಲ್ಲ.

ಮೊದಲ ಬೂಟ್

ಗ್ರಬ್ ಮೆನು ಬಂದರೆ ಅರ್ಧ ಗೆದ್ದ ಹಾಗೆ. ಮೊದಲು ಉಬುಂಟು, ಆಮೇಲೆ ವಿಂಡೋಸ್, ಎರಡನ್ನೂ ತೆರೆದು ನೋಡಿ. ನಮಗೆ ಉಬುಂಟು ತಕ್ಷಣ ಬಂತು. ವಿಂಡೋಸ್ ಲಾಗಿನ್ ಪರದೆಗೆ ಬರಲು ಚಹಾ ಲೋಟ ಬಾಯಿಗಿಡುವಷ್ಟು ಹೊತ್ತೂ ಆಗಲಿಲ್ಲ. ಎಲ್ಲರಿಗೂ ಇಷ್ಟು ಸಲೀಸಾಗಿ ಆಗುವುದಿಲ್ಲ. ಸಾಮಾನ್ಯವಾಗಿ ಬರುವ ತೊಂದರೆಗಳು ಇವು.

ಗ್ರಬ್ ಬರದೆ ನೇರ ವಿಂಡೋಸ್ ಬಂದರೆ, ಅಥವಾ "ಬೂಟ್ ಡಿವೈಸ್ ಇಲ್ಲ" ಎಂದರೆ: ಕೆಲವು ಮದರ್‌ಬೋರ್ಡ್‌ಗಳು ಡಿಸ್ಕ್ ತೆಗೆದ ಕೂಡಲೇ ತಮ್ಮ ಪಟ್ಟಿಯಿಂದ ಉಬುಂಟು ಹೆಸರನ್ನು ಅಳಿಸಿಬಿಡುತ್ತವೆ. ಮೊದಲು ಬಯೋಸ್‌ಗೆ ಹೋಗಿ ಬೂಟ್ ಪಟ್ಟಿಯಲ್ಲಿ "ಉಬುಂಟು" ಇದೆಯೇ ನೋಡಿ, ಇದ್ದರೆ ಮೇಲಕ್ಕೆ ತನ್ನಿ. ಇಲ್ಲದಿದ್ದರೆ ಮಿಂಟ್ ಪೆನ್‌ಡ್ರೈವ್‌ನಿಂದ ಎದ್ದು, ಇಂಟರ್ನೆಟ್ ಜೋಡಿಸಿ, "ಬೂಟ್ ರಿಪೇರ್" ತೆರೆದು "ರೆಕಮೆಂಡೆಡ್ ರಿಪೇರ್" ಒತ್ತಿ. ನಿಮ್ಮ ಡಿಸ್ಕ್ ಯುಇಎಫ್ಐ ಆಗಿದ್ದರೆ ಪೆನ್‌ಡ್ರೈವನ್ನೂ ಯುಇಎಫ್ಐ ಮೋಡ್‌ನಲ್ಲೇ ಎಬ್ಬಿಸಬೇಕು. ಇದೊಂದು ತಪ್ಪಿದರೆ ರಿಪೇರಿ ಮಾಡಿದಷ್ಟೂ ಫಲವಿಲ್ಲ.

ಗ್ರಬ್ ಬಂತು, ಆದರೆ ವಿಂಡೋಸ್ ಹೆಸರಿಲ್ಲ: ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. ಉಬುಂಟುವಿನಲ್ಲಿ ಈಟಿಸಿ ಫೋಲ್ಡರ್, ಅದರೊಳಗೆ ಡಿಫಾಲ್ಟ್, ಅದರಲ್ಲಿ ಗ್ರಬ್ ಎಂಬ ಫೈಲನ್ನು ಅಡ್ಮಿನ್ ಆಗಿ ತೆರೆಯಿರಿ. "ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್" ಎಂಬ ಸಾಲು ಹುಡುಕಿ. ದೊಡ್ಡಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ. ಮುಂದಿನ ಹ್ಯಾಶ್ ಗುರುತು ತೆಗೆದು, ಸಮ ಗುರುತಿನ ಮುಂದೆ ಫಾಲ್ಸ್ ಎಂದು ಮಾಡಿ. ಸಾಲೇ ಇಲ್ಲದಿದ್ದರೆ ಕೊನೆಯಲ್ಲಿ ಸೇರಿಸಿ. ಆಮೇಲೆ ಟರ್ಮಿನಲ್‌ನಲ್ಲಿ ಸುಡೊ ಅಪ್‌ಡೇಟ್-ಗ್ರಬ್.

ಉಬುಂಟು ಏಳುವಾಗ ಸರಿಯಾಗಿ ಒಂದೂವರೆ ನಿಮಿಷ ನಿಂತು ಆಮೇಲೆ ಮುಂದೆ ಹೋದರೆ: ಅದು ಇಲ್ಲದ ಪಾರ್ಟಿಷನ್‌ಗಾಗಿ ಕಾಯುತ್ತಿದೆ. ಹೆಚ್ಚಾಗಿ ಸ್ವಾಪ್, ಅಂದರೆ ರ‍್ಯಾಮ್ ಸಾಲದಾಗ ಲಿನಕ್ಸ್ ಬಳಸುವ ಡಿಸ್ಕ್ ಜಾಗ. ಪೂರ್ತಿ ಡಿಸ್ಕ್ ಕ್ಲೋನ್ ಮಾಡಿದವರಿಗೆ ಇದು ಬರುವುದು ಕಡಿಮೆ. ಸ್ವಾಪ್ ಪಾರ್ಟಿಷನ್ ಅಳಿಸಿ ಹೊಸದಾಗಿ ಮಾಡಿದವರಿಗೆ ಬರುತ್ತದೆ. ಬಿಎಲ್‌ಕೆಐಡಿ ಕಮಾಂಡ್‌ನಿಂದ ಹೊಸ ಯುಯುಐಡಿ ನೋಡಿ, ಈಟಿಸಿ ಫೋಲ್ಡರ್‌ನ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಳೆಯದರ ಜಾಗದಲ್ಲಿ ಹಾಕಿ.

ಗಡಿಯಾರ ತಪ್ಪು ತೋರಿಸಿದರೆ ವ್ಯತ್ಯಾಸ ಎಷ್ಟೆಂದು ನೋಡಿ. ಸರಿಯಾಗಿ 5 ಗಂಟೆ 30 ನಿಮಿಷ ಇದ್ದರೆ ಡಿಸ್ಕ್‌ಗೂ ಅದಕ್ಕೂ ಸಂಬಂಧವಿಲ್ಲ. ಮದರ್‌ಬೋರ್ಡ್ ಗಡಿಯಾರವನ್ನು ವಿಂಡೋಸ್ ಭಾರತದ ಸಮಯ ಎಂದು ಓದುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಮೂಲ ಸಮಯ) ಎಂದು ಓದುತ್ತದೆ. ಉಬುಂಟುವಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಎಂದು ಕೊಟ್ಟರೆ ಎರಡೂ ಒಪ್ಪಂದಕ್ಕೆ ಬರುತ್ತವೆ. ಟ್ಯಾಲಿಯಲ್ಲಿ ವೋಚರ್ ತಾರೀಖು ಮುಖ್ಯ, ಹಾಗಾಗಿ ಇದನ್ನು ಬಿಡಬೇಡಿ.

ಉಳಿದ ಜಾಗ

1 ಟಿಬಿಯಲ್ಲಿ ಕೊನೆಯ ಅರ್ಧದಷ್ಟು ಖಾಲಿ ಉಳಿದಿರುತ್ತದೆ. ಮಿಂಟ್ ಲೈವ್‌ಗೆ ಹೋಗಿ ಜಿಪಾರ್ಟೆಡ್ ತೆರೆಯಿರಿ. ಪೂರ್ತಿ ಜಾಗ ಬಳಕೆಯಾಗಿಲ್ಲ, ಸರಿಪಡಿಸಲೇ ಎಂದು ಕೆಲವೊಮ್ಮೆ ಕೇಳುತ್ತದೆ. "ಫಿಕ್ಸ್" ಒತ್ತಿ. ಜಿಪಿಟಿ (ಯುಇಎಫ್ಐ ಯಂತ್ರಗಳ ಪಾರ್ಟಿಷನ್ ವ್ಯವಸ್ಥೆ) ತನ್ನ ಪಟ್ಟಿಯ ಎರಡನೆಯ ಪ್ರತಿಯನ್ನು ಡಿಸ್ಕ್‌ನ ತುದಿಯಲ್ಲಿ ಇಡುತ್ತದೆ. ತುದಿ ಈಗ ಮುಂದೆ ಹೋಗಿದೆಯಲ್ಲ, ಅದಕ್ಕೆ.

ಎಲ್ಲರಿಗೂ ಸಿ ಡ್ರೈವ್ ದೊಡ್ಡದು ಮಾಡುವ ಆಸೆ. ಆದರೆ ಸಿ ಮತ್ತು ಖಾಲಿ ಜಾಗದ ನಡುವೆ ರಿಕವರಿ, ಉಬುಂಟು ಎರಡೂ ಅಡ್ಡ ಕೂತಿವೆ. ಅವನ್ನು ಬಲಕ್ಕೆ ಸರಿಸಬೇಕು. ಸರಿಸುವುದು ಎಂದರೆ ಒಳಗಿನ ಒಂದೊಂದೇ ಬ್ಲಾಕ್ ಎತ್ತಿ ಬೇರೆ ಕಡೆ ಇಡುವುದು. ನಡುವೆ ನಿಂತರೆ ಅರ್ಧ ಅಲ್ಲಿ, ಅರ್ಧ ಇಲ್ಲಿ.

ಕೆಲವು ವರ್ಷಗಳ ಹಿಂದೆ ಒಂದು ಹಳೇ ಡೆಸ್ಕ್‌ಟಾಪ್‌ನಲ್ಲಿ ಇದನ್ನೇ ಮಾಡುತ್ತಿದ್ದೆ. ಯುಪಿಎಸ್ ಇರಲಿಲ್ಲ. ಪಟ್ಟಿಯಲ್ಲಿ 60 ಪರ್ಸೆಂಟ್ ಎಂದು ತೋರಿಸುತ್ತಿದ್ದಾಗ ಮಳೆಗಾಳಿಗೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಪರದೆ ಕಪ್ಪಾಯಿತು. ಮತ್ತೆ ಕರೆಂಟ್ ಬಂದಾಗ ಆ ಲಿನಕ್ಸ್ ಪಾರ್ಟಿಷನ್ ತೆರೆಯಲೇ ಇಲ್ಲ. ಗೆಳೆಯನೊಬ್ಬನ ಪ್ರಾಜೆಕ್ಟ್ ರಿಪೋರ್ಟ್ ಅದರಲ್ಲಿತ್ತು. ಅವನ ಹತ್ತಿರ ಬೇರೆ ಪ್ರತಿ ಇರಲಿಲ್ಲ. ಹಳೆಯ ಡಿಸ್ಕನ್ನು ನಾನು ಅವತ್ತು ಬೆಳಿಗ್ಗೆಯೇ ಫಾರ್ಮ್ಯಾಟ್ ಮಾಡಿಬಿಟ್ಟಿದ್ದೆ. ಅವನ ಮುಖ ಇನ್ನೂ ನೆನಪಿದೆ.

ಹಾಗಾಗಿ ಈಗ ನಾನು ಸರಿಸುವುದೇ ಇಲ್ಲ. ಮಿಲ್ಲಿನ ಲ್ಯಾಪ್‌ಟಾಪಿನಲ್ಲಿ ಉಬುಂಟು ಪಾರ್ಟಿಷನ್ ಕೊನೆಯಲ್ಲೇ ಇತ್ತು. ಅದರ ಬಲ ಅಂಚನ್ನು ಮಾತ್ರ ಎಳೆದು 100 ಜಿಬಿ ಹೆಚ್ಚಿಸಿದೆ. ಅಂಚು ಎಳೆಯುವುದು ಕ್ಷಣದ ಕೆಲಸ, ಒಳಗಿನದು ಕದಲುವುದಿಲ್ಲ. ಉಳಿದದ್ದನ್ನು ಹೊಸ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಮ್) ಪಾರ್ಟಿಷನ್ ಮಾಡಿದೆ. ವಿಂಡೋಸ್‌ಗೂ ಉಬುಂಟುಗೂ ಎರಡಕ್ಕೂ ಅದು ಕಾಣುತ್ತದೆ. ಫೋಟೋ, ಬಿಲ್ಲು, ಪಾಠದ ವಿಡಿಯೋ ಎಲ್ಲ ಅಲ್ಲಿಗೆ ಹೋದವು. ಸಿ ಡ್ರೈವ್ ತಾನಾಗೇ ಖಾಲಿ ಆಯಿತು. ನಿಮಗೆ ಸಿ ಹಿಗ್ಗಲೇಬೇಕು ಎಂದಿದ್ದರೆ ಯುಪಿಎಸ್ ಇಟ್ಟುಕೊಂಡು, ಹಳೆಯ ಡಿಸ್ಕ್ ಬೀರುವಿನಲ್ಲಿ ಭದ್ರವಾಗಿದೆ ಎಂದು ನೋಡಿಕೊಂಡು ಮಾಡಿ.

ಎಸ್‌ಎಸ್‌ಡಿಗೆ ಆಗಾಗ ಟ್ರಿಮ್ ಆಗಬೇಕು, ಅಂದರೆ ಯಾವ ಜಾಗ ಖಾಲಿಯಾಗಿದೆ ಎಂದು ಓಎಸ್ ಅದಕ್ಕೆ ತಿಳಿಸಬೇಕು. ಉಬುಂಟು ವಾರಕ್ಕೊಮ್ಮೆ ತಾನೇ ಮಾಡುತ್ತದೆ. ವಿಂಡೋಸ್‌ನಲ್ಲಿ "ಡಿಫ್ರ್ಯಾಗ್ಮೆಂಟ್ ಆಂಡ್ ಆಪ್ಟಿಮೈಜ್ ಡ್ರೈವ್ಸ್" ತೆರೆದು, "ಸಾಲಿಡ್ ಸ್ಟೇಟ್ ಡ್ರೈವ್" ಎಂದು ತೋರಿಸುತ್ತಿದೆಯೇ ನೋಡಿದರೆ ಸಾಕು.

ಹಳೆಯ ಡಿಸ್ಕ್

ಒಂದು ತಿಂಗಳು ಮುಟ್ಟಬೇಡಿ. ತಿಂಗಳ ಲೆಕ್ಕ ಒಮ್ಮೆ ಪೂರ್ತಿ ಮುಗಿಯಲಿ, ಎರಡೂ ಓಎಸ್‌ಗಳಿಗೆ ಒಂದೊಂದು ದೊಡ್ಡ ಅಪ್‌ಡೇಟ್ ಬಂದು ಹೋಗಲಿ. ಯಾವುದೋ ಫೈಲು ಇಲ್ಲ ಎಂದು ನೆನಪಾಗುವುದು ಅಷ್ಟರೊಳಗೇ.

ಆಮೇಲೆ ಅದನ್ನು ಮತ್ತೆ ಬಳಸುವುದಾದರೆ, ಮೊದಲು ಲ್ಯಾಪ್‌ಟಾಪ್ ಪೂರ್ತಿ ಎದ್ದ ಮೇಲೆ ಯುಎಸ್‌ಬಿಗೆ ಹಾಕಿ. ಹಾಕಿಯೇ ಬೂಟ್ ಮಾಡಬೇಡಿ, ಅವಳಿ ಗುರುತಿನ ತೊಂದರೆ ಇನ್ನೂ ಇದೆ. ಉಬುಂಟುವಿನ "ಡಿಸ್ಕ್ಸ್"ನಲ್ಲಿ ಸೀರಿಯಲ್ ನಂಬರ್ ನೋಡಿ ಆರಿಸಿ, ಫಾರ್ಮ್ಯಾಟ್ ಮಾಡಿ. ಗುಜರಿಗೆ ಅಥವಾ ಬೇರೆಯವರಿಗೆ ಕೊಡುವುದಾದರೆ ಅಲ್ಲೇ "ಓವರ್‌ರೈಟ್ ವಿತ್ ಜೀರೋಸ್" ಆಯ್ಕೆ ಬಳಸಿ. 500 ಜಿಬಿಗೆ ಎರಡು ಗಂಟೆ ಹಿಡಿಯಬಹುದು. ಮಿಲ್ಲಿಗೆ ಬರುವ ರೈತರ ಬ್ಯಾಂಕ್ ಖಾತೆ ನಂಬರ್‌ಗಳು ಅದರಲ್ಲಿವೆ, ಬರೀ ಡಿಲೀಟ್ ಮಾಡಿ ಕೊಟ್ಟರೆ ಅವು ಮತ್ತೆ ಸಿಗುತ್ತವೆ.

ಮಾವ ಅದನ್ನು ಕೊಡಲಿಲ್ಲ. ಒಂದು ಕೇಸಿನಲ್ಲಿ ಹಾಕಿ, ಪ್ರತಿ ಶನಿವಾರ ಮಿಲ್ಲು ನಿಂತ ಮೇಲೆ ಟ್ಯಾಲಿ ಬ್ಯಾಕಪ್ ತೆಗೆಯುತ್ತಾರೆ. "ಮೂಲ" ಎಂದಿದ್ದ ಟೇಪು ಕಿತ್ತು, ಅದರ ಜಾಗದಲ್ಲಿ ಅವರ ಮಗಳು "ಬ್ಯಾಕಪ್" ಎಂದು ಬರೆದು ಅಂಟಿಸಿದ್ದಾಳೆ. ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರವನ್ನೂ ಬರೆದಿದ್ದಾಳೆ.